ಗರಗಸ ಇಡುವ ಮೊದಲು: ಮರ ಸಾಗಿಸುವ ಗುತ್ತಿಗೆದಾರರಿಗೊಂದು ಬಹಿರಂಗ ಪತ್ರ

ಮಾನ್ಯ ಗುತ್ತಿಗೆದಾರರೇ,

ಬೆಂಗಳೂರಿನ ಹನುಮಂತನಗರದಲ್ಲಿ ಭರಣಿ ಮಳೆ ಗಾಳಿಯನ್ನೂ ಕಟ್ಟಿಕೊಂಡು ಬಂದ ರಾತ್ರಿಗಳಲ್ಲಿ ಮೊದಲು ಓಡಿಬರುವವರು ನಿಮ್ಮ ಹುಡುಗರು. ಕರೆಂಟು ಹೋಗಿರುತ್ತದೆ, ತಂತಿ ಜೋತುಬಿದ್ದಿರುತ್ತದೆ, ಯಾರದೋ ಕಾರಿನ ಮೇಲೆ ಮರ ಒರಗಿರುತ್ತದೆ. ಅಂಥ ಕತ್ತಲಲ್ಲಿ ನೆನೆಯುತ್ತ, ಕಾಲಿಗೆ ಸರಿಯಾದ ಬೂಟೂ ಇಲ್ಲದೆ, ಕೊಯ್ಯುವ ಮಿಷನ್ ಹಿಡಿದು ಅವರು ದಾರಿ ಬಿಡಿಸುತ್ತಾರೆ. ಅದಕ್ಕೆ ಈ ಬಡಾವಣೆ ಋಣಿಯಾಗಿದೆ. ಈ ಪತ್ರ ದೂರಲ್ಲ. ದಾರಿ ಬಿಟ್ಟ ಮೇಲೆ, ಮಾರನೆಯ ಬೆಳಗ್ಗೆ ನಡೆಯುವ ಇನ್ನೊಂದು ಕೊಯ್ತದ ಬಗ್ಗೆ ನಿಮ್ಮಲ್ಲಿ ಒಂದು ಬೇಡಿಕೆಯಿದೆ.

ಕೊಂಬೆ ಕಡಿಯುವುದಕ್ಕೆ ಆತುರ ಇರಲೇಬೇಕು. ಬೊಡ್ಡೆಗೆ ಆತುರವಿಲ್ಲ. ಅದನ್ನು ಫುಟ್‌ಪಾತಿನ ಅಂಚಿಗೆ ಸರಿಸಿದ ಮೇಲೆ ಎಷ್ಟೋ ಸಲ ವಾರಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಆದರೂ ಬೆಳಕು ಹರಿದ ಕೂಡಲೇ ಅದನ್ನು ಎರಡೆರಡು ಅಡಿಗೆ ತುಂಡು ಹಾಕುತ್ತಾರೆ. ಕಾರಣ ನನಗೆ ಅರ್ಥವಾಗುತ್ತದೆ. ಎರಡಡಿ ತುಂಡನ್ನು ಮೂವರು ಸೇರಿ ಉರುಳಿಸಿ ಗಾಡಿಗೆ ಏರಿಸಬಹುದು, ಕ್ರೇನಿನ ಬಾಡಿಗೆ ಉಳಿಯುತ್ತದೆ, ಸೌದೆಗೆ ಆ ಅಳತೆ ಸಾಕು. ಆದರೆ ಮರದ ಹಣೆಬರಹವೂ ಅಷ್ಟು ಹೊತ್ತಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಎರಡಡಿ ತುಂಡಿನಲ್ಲಿ ಒಂದು ಮಣೆ ಮಾಡಬಹುದು. ಬೆಂಚು, ಮೇಜು, ಬಾಗಿಲು ಮಾಡಲಾಗದು. ಐವತ್ತು ವರ್ಷ ಬೆಳೆದ ಮರ ಹಲಗೆಯಾಗುತ್ತದೋ ಬೂದಿಯಾಗುತ್ತದೋ ಎಂಬುದು ಕಾಯ್ದೆಯಲ್ಲಾಗಲಿ ಕಚೇರಿಯಲ್ಲಾಗಲಿ ನಿರ್ಧಾರವಾಗುವುದಿಲ್ಲ, ನಿಮ್ಮ ಹುಡುಗ ಮಿಷನ್ನನ್ನು ಎಲ್ಲಿಡುತ್ತಾನೆ ಎಂಬುದರಲ್ಲಿ ಆಗುತ್ತದೆ.

ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಂಟಡಿ ಸುತ್ತಳತೆಯ ಮಳೆಮರದ ಬೊಡ್ಡೆಯನ್ನು ಎಂಟಡಿ ಉದ್ದಕ್ಕೆ ಬಿಟ್ಟರೆ, ಮರದ ವ್ಯಾಪಾರದ ಅಳತೆಯಲ್ಲಿ, ಸುತ್ತಳತೆಯ ಕಾಲು ಭಾಗವಾದ ಎರಡನ್ನು ಎರಡರಿಂದ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 32 ಘನ ಅಡಿ. ತೊಗಟೆ, ಬಿರುಕು, ಪುಡಿ ಎಂದು ಅರ್ಧಕ್ಕರ್ಧ ಕಳೆದರೂ 16 ಘನ ಅಡಿ ಹಲಗೆ ಉಳಿಯುತ್ತದೆ. ಒಂದೂವರೆ ಇಂಚು ದಪ್ಪಕ್ಕೆ ಕೊಯ್ದರೆ 128 ಚದರ ಅಡಿ. ಒಂದು ಪಾರ್ಕಿಗೆ ಬೇಕಾದ ಬೆಂಚುಗಳು ಒಂದೇ ಬೊಡ್ಡೆಯಲ್ಲಿ ಬಂದುಬಿಡುತ್ತವೆ. ನಮ್ಮ ಪಾರ್ಕುಗಳಲ್ಲಿ ಈಗ ಇರುವುದು ಹೆಚ್ಚಾಗಿ ಸಿಮೆಂಟಿನ ಬೆಂಚು. ಮೇ ತಿಂಗಳ ಮಧ್ಯಾಹ್ನ ವಯಸ್ಸಾದವರು ಅದರ ಮೇಲೆ ಟವೆಲ್ ಹಾಸಿ ಕೂರುತ್ತಾರೆ.

ಎಲ್ಲ ಮರವೂ ಹಲಗೆಗೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಗುಲ್‌ಮೊಹರ್ ಬಹುಮಟ್ಟಿಗೆ ಸೌದೆಗೇ ಸರಿ. ಒಳಗೆ ಟೊಳ್ಳಾಗಿ ಉರುಳಿದ ಮರದಲ್ಲೂ ಹೆಚ್ಚೇನೂ ಸಿಗದು. ಆದರೆ ಮಹಾಗನಿ, ನೇರಳೆ, ಬೇವು, ಹಲಸು, ಸಿಲ್ವರ್ ಓಕ್, ಎಲ್ಲಕ್ಕಿಂತ ಮುಖ್ಯವಾಗಿ ಮಳೆಮರವನ್ನು ಸುಡುವುದು ಅನ್ಯಾಯ. ಮಳೆಮರ ಒಣಗುವಾಗ ಕುಗ್ಗುವುದು, ಸೊಟ್ಟಗಾಗುವುದು ಬಹಳ ಕಡಿಮೆ. ಚೇಗು ಕಡು ಕಂದು, ಅಂಚಿನ ಬಿಳುಪು ತೆಳು ಹಳದಿ. ಒಂದೇ ಹಲಗೆಯಲ್ಲಿ ಎರಡೂ ಬಣ್ಣ ಎದ್ದು ಕಾಣುತ್ತವೆ. ಇದೇ ಮರವನ್ನು ಹವಾಯಿಯಲ್ಲಿ ಮಂಕಿಪಾಡ್ ಎಂದು ಕರೆದು ಬಟ್ಟಲು ಕಡೆಯುತ್ತಾರೆ, ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಕೆತ್ತನೆಗೆ ಬಳಸುತ್ತಾರೆ. ಸಿಂಗಪುರದ ರಸ್ತೆಗಳ ಇಕ್ಕೆಲದಲ್ಲೂ ಇದೇ ಮರ. ಅಲ್ಲಿ ಕಡಿದವುಗಳಲ್ಲಿ ಕೆಲವನ್ನಾದರೂ ಹಲಗೆ ಕೊಯ್ದು ಪೀಠೋಪಕರಣ ಮಾಡುವ ಮರಗೆಲಸದವರಿದ್ದಾರೆ. ನಮ್ಮಲ್ಲಿ ಅದು ಬಾಯ್ಲರಿಗೋ ಇಟ್ಟಿಗೆ ಗೂಡಿಗೋ ಹೋಗುತ್ತದೆ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವೇ ಇರುವುದರಿಂದ ಒಂದು ಟನ್ ಸುಟ್ಟರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದನ್ನು ಹೀರಿಕೊಳ್ಳಲೆಂದೇ ಅಲ್ಲವೇ ಮರ ನೆಟ್ಟದ್ದು? 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಈ ನಗರದಲ್ಲಿ 15 ಲಕ್ಷದಷ್ಟು ಸಸಿ ನೆಡಲಾಯಿತು. ಆ ಸಸಿಗಳಿಗೆ ಈಗ ನಲವತ್ತು ದಾಟಿದೆ, ಹಲಗೆಗೆ ಒದಗುವ ಸುತ್ತಳತೆ ಬಂದಿದೆ. ಚರಂಡಿಗೆ, ಕೇಬಲ್ಲಿಗೆ ಎಂದು ಬೇರು ಕತ್ತರಿಸಿ, ಬುಡದವರೆಗೆ ಕಾಂಕ್ರೀಟು ಸುರಿದದ್ದರಿಂದ ಅವು ಆಯಸ್ಸು ತೀರುವ ಮೊದಲೇ ಬೀಳುತ್ತಿವೆ. ಮುಂದಿನ ವರ್ಷಗಳಲ್ಲಿ ನಿಮಗೆ ಕೆಲಸ ಹೆಚ್ಚೇ ಇರುತ್ತದೆ.

ದಿಮ್ಮಿಯನ್ನು ಇಡಿಯಾಗಿ ಸಾಗಿಸುವುದು ಕಷ್ಟ ಎನ್ನುತ್ತೀರಿ. ನಿಜ. ನಾನು ಹೇಳಿದ ಎಂಟಡಿ ಬೊಡ್ಡೆ ಹಸಿಯಾಗಿರುವಾಗ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. ನಮ್ಮ ಕ್ರಾಸ್ ರಸ್ತೆಗಳಲ್ಲಿ ಎರಡೂ ಕಡೆ ಕಾರು ನಿಂತಿರುವಾಗ ಕ್ರೇನು ಒಳಗೆ ಬರುವುದೇ ದೊಡ್ಡ ಮಾತು. ಆದ್ದರಿಂದಲೇ ದಿಮ್ಮಿ ಇದ್ದಲ್ಲಿಗೇ ಬರುವ, ಓಡಾಡುವ ಸಾಮಿಲ್ ಬೇಕು ಎನ್ನುತ್ತೇನೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ಇರುವ ಸಾಮಿಲ್‌ಗಳಲ್ಲಿ ಗರಗಸ ನಿಂತಲ್ಲೇ ತಿರುಗುತ್ತದೆ, ಟ್ರಾಲಿಯ ಮೇಲಿನ ದಿಮ್ಮಿ ಅದರತ್ತ ಹೋಗುತ್ತದೆ. ಓಡಾಡುವ ಸಾಮಿಲ್‌ನಲ್ಲಿ ದಿಮ್ಮಿ ಅಲುಗುವುದಿಲ್ಲ. ಎರಡು ಕಂಬಿಗಳ ನಡುವೆ ಅದನ್ನು ಮಲಗಿಸಿ ಬಿಗಿ ಮಾಡುತ್ತಾರೆ, ಎಂಜಿನ್ನೂ ಪಟ್ಟಿಗರಗಸವೂ ಕಂಬಿಗಳ ಮೇಲೆ ಆ ತುದಿಯಿಂದ ಈ ತುದಿಗೆ ಸರಿಯುತ್ತ ಒಂದೊಂದೇ ಹಲಗೆ ಸೀಳುತ್ತವೆ. ಇಡೀ ಯಂತ್ರವನ್ನು ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯಬಹುದು. ಟನ್ ತೂಕದ ದಿಮ್ಮಿ ಇಬ್ಬರು ಹೊರಬಲ್ಲ ಹಲಗೆಗಳಾದ ಮೇಲೆ ಕ್ರೇನಿನ ಮಾತೇ ಇಲ್ಲ.

ನಿಮ್ಮ ಚೈನ್ ಮಿಷನ್ನಿನಲ್ಲೇ ಉದ್ದುದ್ದ ಸೀಳಬಹುದಲ್ಲ ಎಂದು ಕೇಳಬಹುದು. ಅದರ ಸರಪಳಿ ಒಂದು ಸಲ ಹೋದರೆ ಎಂಟು ಮಿಲಿಮೀಟರಿನಷ್ಟು ಮರ ತಿನ್ನುತ್ತದೆ. ಒಂದಿಂಚಿನ ಹಲಗೆ ತೆಗೆಯುವಾಗ ನಾಲ್ಕು ಪಾಲಿನಲ್ಲಿ ಒಂದು ಪಾಲು ಪುಡಿಯಾಗಿ ನೆಲಕ್ಕೆ. ಪಟ್ಟಿಗರಗಸ ತಿನ್ನುವುದು ಎರಡೇ ಮಿಲಿಮೀಟರು, ಹದಿಮೂರು ಪಾಲಿನಲ್ಲಿ ಒಂದು.

ಇನ್ನು ಮೊಳೆಯ ವಿಷಯ. ಇಲ್ಲಿ ತಪ್ಪು ನಮ್ಮದು, ಬಡಾವಣೆಯವರದು. ‘ಮನೆ ಬಾಡಿಗೆಗಿದೆ’, ‘ಪಿಜಿ’, ‘ಟ್ಯೂಷನ್’ ಎಂದು ಸಿಕ್ಕ ಮರಕ್ಕೆಲ್ಲ ಮೊಳೆ ಹೊಡೆಯುತ್ತೇವೆ. ಮರ ಬೆಳೆಯುತ್ತ ಬೆಳೆಯುತ್ತ ಅದನ್ನು ಒಳಕ್ಕೆ ನುಂಗಿಕೊಳ್ಳುತ್ತದೆ. ರಸ್ತೆ ಬದಿಯ ದಿಮ್ಮಿ ಎಂದರೆ ಸಾಮಿಲ್‌ನವರು ಹಿಂಜರಿಯಲು ಇದೇ ಕಾರಣ. ಒಂದು ಮೊಳೆ ಸಿಕ್ಕಿದರೆ ದೊಡ್ಡ ಗರಗಸದ ಹಲ್ಲೆಲ್ಲ ಹಾಳು. ಓಡಾಡುವ ಯಂತ್ರದ ಪಟ್ಟಿ ತೆಳು, ಅಗ್ಗ, ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು. ಲೋಹ ಪತ್ತೆ ಮಾಡುವ ಕೈಯಂತ್ರವನ್ನು ಒಮ್ಮೆ ದಿಮ್ಮಿಯ ಸುತ್ತ ಆಡಿಸಿದರೆ ಎಷ್ಟೋ ಮೊಳೆಗಳು ಮೊದಲೇ ಸಿಗುತ್ತವೆ.

ಕಾನೂನಿನ ತೊಡಕು ಇದೆ, ಅದನ್ನು ಮುಚ್ಚಿಡುವುದಿಲ್ಲ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ ಕಾಡಿನೊಳಗೆ ಅನುಮತಿಯಿಲ್ಲದೆ ನಡೆಯುತ್ತಿದ್ದ ಸಾಮಿಲ್‌ಗಳನ್ನು ನಿಲ್ಲಿಸಿತು. ಇಂದಿಗೂ ಪರವಾನಗಿ ಇಲ್ಲದೆ ಸಾಮಿಲ್ ಇಡುವಂತಿಲ್ಲ. 2016ರ ಕೇಂದ್ರ ಮಾರ್ಗಸೂಚಿಯಂತೆ ರಾಜ್ಯ ಮಟ್ಟದ ಸಮಿತಿ ಒಪ್ಪಬೇಕು. ಈ ಬಿಗಿ ಸಡಿಲವಾಗಲಿ ಎಂದು ನಾನು ಕೇಳುವುದಿಲ್ಲ. ಓಡಾಡುವ ಸಾಮಿಲ್ ಕಾಡುಗಳ್ಳನ ಕೈಗೆ ಸಿಕ್ಕರೆ ಬೀಟೆ, ತೇಗ ರಾತ್ರೋರಾತ್ರಿ ಹಲಗೆಯಾಗಿ ಮಾಯವಾಗುತ್ತವೆ. ಆದ್ದರಿಂದ ಯಂತ್ರ ಖಾಸಗಿಯವರ ಬಳಿ ಇರುವುದು ಬೇಡ, ನಗರಾಡಳಿತವೇ ಕೊಂಡು ತನ್ನ ಅರಣ್ಯ ಘಟಕದ ಹೆಸರಿನಲ್ಲಿ ಪರವಾನಗಿ ಪಡೆಯಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರದ ಮರಕ್ಕೆ ವೃಕ್ಷಾಧಿಕಾರಿ ಇದ್ದೇ ಇದ್ದಾರೆ. ಆ ಕಾಯ್ದೆಯ ಕಾಳಜಿಯೆಲ್ಲ ನಿಂತ ಮರದ್ದು. ಬಿದ್ದ ಮರಕ್ಕೂ ಅದೇ ಅಧಿಕಾರಿ ಒಂದು ಸಂಖ್ಯೆ ಕೊಟ್ಟು, ಯಾವ ರಸ್ತೆಯಲ್ಲಿ ಯಾವ ಮರ ಬಿತ್ತು, ಎಷ್ಟು ಹಲಗೆ ಬಂತು ಎಂದು ಬರೆದಿಟ್ಟರೆ ಕಳ್ಳಮಾಲು ಬೆರೆಸಲು ಜಾಗವಿರುವುದಿಲ್ಲ.

ತಿಳಿವಳಿಕೆಗಾಗಿ ದೂರ ಹೋಗಬೇಕಿಲ್ಲ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು, ಅಂದರೆ ಮೈಸೂರು ಸಂಸ್ಥಾನದ ಕಾಲದ್ದು. ಮರದ ಒಂದು ಚೂರು ನೋಡಿ ಜಾತಿ ಹೇಳುವವರು, ಹಸಿ ಹಲಗೆ ಒಣಗಿಸುವುದನ್ನು, ಕುಟ್ಟೆ ಹಿಡಿಯದಂತೆ ಕಾಪಾಡುವುದನ್ನು ಕಲಿಸುವವರು ಅಲ್ಲಿದ್ದಾರೆ. ಇಂಥ ಸಂಸ್ಥೆ ಇರುವ ಊರಿನಲ್ಲೇ ಬಿದ್ದ ಮರ ಸೌದೆಯಾಗಿ ಹೊರಗೆ ಹೋಗುತ್ತದೆ. ಹೊರದೇಶದ ಪೈನ್ ಮತ್ತು ತೇಗ ಹಡಗು ಹತ್ತಿ ಬಂದು ನಮ್ಮ ಮನೆಯ ಬಾಗಿಲಾಗುತ್ತವೆ. ನನಗೆ ಇದು ನೋವಿನ ಸಂಗತಿ.

ಒಣಗಿಸಲು ಬೇಕಾದದ್ದು ನೆರಳು ಮತ್ತು ತಾಳ್ಮೆ. ದಿಮ್ಮಿಯ ಎರಡೂ ತುದಿಗೆ ಬಣ್ಣ ಬಳಿದರೆ ಬಿರುಕು ಕಡಿಮೆಯಾಗುತ್ತದೆ. ಕೊಯ್ದ ಹಲಗೆಗೆ ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರು ಹಚ್ಚಿ, ನಡುನಡುವೆ ಒಂದಿಂಚಿನ ರೀಪು ಕೊಟ್ಟು, ಗಾಳಿಯಾಡುವಂತೆ ಅಟ್ಟಿ ಹಾಕಬೇಕು. ಇಂಚಿಗೊಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ನಮ್ಮ ಬಡಾವಣೆಯಲ್ಲಿ ಇಂದಿಗೂ ‘ಆಚಾರ್ರೇ’ ಎಂದು ಕರೆಸಿಕೊಳ್ಳುವ ಬಡಗಿಗಳು ಇದ್ದಾರೆ. ಪ್ಲೈವುಡ್ಡಿಗೆ ಮೈಕಾ ಅಂಟಿಸುವ ಕೆಲಸದಲ್ಲೇ ಅವರ ಕೈ ಸವೆಯುತ್ತಿದೆ. ಗಟ್ಟಿ ಹಲಗೆ ಕೊಟ್ಟರೆ ಸರ್ಕಾರಿ ಶಾಲೆಗೆ ಬೆಂಚು, ವಾಚನಾಲಯಕ್ಕೆ ಕಪಾಟು, ಕೆ.ಎಚ್. ಕಲಾಸೌಧದಲ್ಲಿ ನಾಟಕ ಆಡುವ ತಂಡಗಳಿಗೆ ರಂಗಪರಿಕರ ಮಾಡಿಕೊಟ್ಟಾರು.

ಇದೆಲ್ಲ ಆಗಲು ಪಾಲಿಕೆ ಮನಸ್ಸು ಮಾಡಬೇಕು, ಅವರಿಗೆ ಬೇರೆಯಾಗಿ ಬರೆಯುತ್ತೇನೆ. ನಿಮ್ಮಿಂದ ಆಗಬೇಕಾದದ್ದು ಚಿಕ್ಕದು, ಆದರೆ ಅದಿಲ್ಲದೆ ಉಳಿದದ್ದೇನೂ ಆಗದು. ಮುಂದಿನ ಸಲ ರಾಮಾಂಜನೇಯ ಗುಡ್ಡದ ಆಸುಪಾಸಿನಲ್ಲೋ 50 ಅಡಿ ರಸ್ತೆಯಲ್ಲೋ ಮಳೆಮರ ಬಿದ್ದರೆ ಕೊಂಬೆ ಕಡಿಯಿರಿ, ದಾರಿ ಬಿಡಿಸಿ. ಬೊಡ್ಡೆಯನ್ನು ಮಾತ್ರ ಬುಡದಿಂದ ಎಂಟಡಿಗೆ ಅಳೆದು, ತುದಿ ಸೀಳಿದರೆ ಇರಲಿ ಎಂದು ಒಂದು ಗೇಣು ಹೆಚ್ಚು ಬಿಟ್ಟು, ಅಲ್ಲಿ ಒಂದೇ ಒಂದು ಕೊಯ್ತ ಹಾಕಿಸಿ. ಇದರಿಂದ ನಿಮಗೆ ಸೌದೆಯಲ್ಲಿ ಎಷ್ಟು ಖೋತಾ ಆಗುತ್ತದೆ ಹೇಳಿ. ಅದನ್ನು ತುಂಬಿಕೊಡುವ ಬಗ್ಗೆ ನಮ್ಮ ನಿವಾಸಿಗಳ ಸಂಘದಲ್ಲಿ ಮಾತೆತ್ತುವ ಹೊಣೆ ನನ್ನದು.

ಇಂತಿ,
ಹನುಮಂತನಗರದ ಒಬ್ಬ ನಿವಾಸಿ