ಒಂದೇ ರಸ್ತೆಯಲ್ಲಿ ಮೂರು ಇಪ್ಪತ್ತೆರಡು

"ಸಂಬಳ ಎಷ್ಟು ಕೊಡ್ತಾರೆ?" ಎಂದರು ಎದುರುಮನೆಯವರು. ಏನೂ ಇಲ್ಲ, ವಿಮಾನದ ಖರ್ಚೂ ನನ್ನದೇ ಎಂದೆ. ಮಾರನೆಯ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಹಾಲಿನ ಪ್ಯಾಕೆಟ್ಟಿಗಿಂತ ಮೊದಲು ಈ ಸುದ್ದಿ ಮನೆಮನೆ ತಲುಪಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದ ಹೆಂಗಸು, ಕಾಂಬೋಡಿಯಾದ ಮಕ್ಕಳಿಗೆ ಪುಕ್ಕಟೆ ಇಂಗ್ಲಿಷ್ ಕಲಿಸಲು ಆರು ವಾರ ಹೋಗ್ತಾಳಂತೆ!

"ಕಲಿಸಲೇಬೇಕು ಅಂದ್ರೆ ಕೆಂಗೇರಿ ಕಡೆ ಸರ್ಕಾರಿ ಶಾಲೆ ಇಲ್ವೇನ್ರೀ? ಈಗ ಮೆಟ್ರೋನೂ ಇದೆ" ಎಂದರು ಮೂಲೆಮನೆಯ ಆಂಟಿ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೆಂಗೇರಿಗೆ ಹೋಗಿಬಂದರೆ ಯಾರೂ ಫೋಟೋ ತೋರಿಸಿ ಎನ್ನುವುದಿಲ್ಲ. ಈ ಉತ್ತರವನ್ನು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ದಾರಿ ತಪ್ಪೀತೆಂಬ ಭಯವಂತೂ ನನಗಿರಲಿಲ್ಲ. ಹುಟ್ಟಿ ಬೆಳೆದದ್ದು ರಾಜಾಜಿನಗರ. ಯಾರಾದರೂ "ಒಂದನೇ ಮೇನ್ ಎಲ್ಲಿ?" ಎಂದರೆ "ಯಾವ ಬ್ಲಾಕು?" ಎಂದು ತಿರುಗಿ ಕೇಳಿ ಅವರನ್ನೇ ಕಂಗೆಡಿಸುವ ಸೀಮೆಯವಳು. ನೋಮ್ ಪೆನ್‌ನಲ್ಲಿ ಇಳಿದ ಮೇಲೆ ಈ ಜಂಬ ಇನ್ನಷ್ಟು ಉಬ್ಬಿತು. ಅಲ್ಲಿಯ ರಸ್ತೆಗಳಿಗೂ ನಂಬರು. ಬೆಸಸಂಖ್ಯೆಯವು ಉತ್ತರ-ದಕ್ಷಿಣ, ಸಮಸಂಖ್ಯೆಯವು ಪೂರ್ವ-ಪಶ್ಚಿಮ. ಥೇಟ್ ಮೇನು, ಕ್ರಾಸು! ಗಣಿತದ ಟೀಚರಿಗೆ ಇನ್ನೇನು ಬೇಕು?

ಮೊದಲ ಸಂಜೆಯೇ ಒಬ್ಬಳೇ ಸುತ್ತಾಡಲು ಹೊರಟೆ. ವಾಪಸು ಬಂದು, ಇಳಿದುಕೊಂಡಿದ್ದ 22ನೇ ನಂಬರಿನ ಮನೆ ಹುಡುಕಿದೆ. ಸಿಕ್ಕಿತು. ಒಳಗೆ ಒಬ್ಬ ಪಂಕ್ಚರ್ ಹಾಕುತ್ತಿದ್ದ. ಇನ್ನೂರು ಹೆಜ್ಜೆ ಆಚೆ ಇನ್ನೊಂದು 22. ಅದು ಕ್ಷೌರದಂಗಡಿ. ಮೂರನೆಯ 22 ನನ್ನದು. ಅದರ ಎಡಕ್ಕೆ 141, ಬಲಕ್ಕೆ 6. ಆ ಊರಲ್ಲಿ ಮನೆ ನಂಬರುಗಳಿಗೆ ಕ್ಯೂನಲ್ಲಿ ನಿಂತು ಅಭ್ಯಾಸವಿಲ್ಲ. ನಮ್ಮವರು ಕಾರಿಗೆ ಫ್ಯಾನ್ಸಿ ನಂಬರು ತೆಗೆಸುವ ಹಾಗೆ ಇವರು ಮನೆಗೆ ತೆಗೆಸುತ್ತಾರೋ ಏನೋ.

ಇನ್ನು ರಸ್ತೆ ದಾಟುವ ಪಾಡು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಅರವತ್ತು ವರ್ಷ ಮೊದಲು ಬಲಕ್ಕೇ ತಿರುಗಿ ರೂಢಿಯಾದ ನನ್ನ ಕತ್ತು ಎಡಕ್ಕೆ ತಿರುಗಲು ಒಪ್ಪದು. ಸ್ಕೂಟರುಗಳ ಹಿಂಡು ನೋಡುತ್ತ ಹತ್ತು ನಿಮಿಷ ನಿಂತೆ. ನವರಂಗ್ ಸರ್ಕಲ್ಲನ್ನು ಕಣ್ಣು ಮುಚ್ಚಿ ದಾಟಿದವಳು! ಕೊನೆಗೆ ತಾವರೆಮೊಗ್ಗು ಮಾರುವ ಹುಡುಗಿಯೊಬ್ಬಳು "ಬಾಂಗ್" ಎನ್ನುತ್ತ ಕೈಹಿಡಿದು ದಾಟಿಸಿದಳು. ಬಾಂಗ್ ಎಂದರೆ ಅಣ್ಣನೂ ಹೌದು, ಅಕ್ಕನೂ ಹೌದು. ಬೆಂಗಳೂರಲ್ಲಿ ಎಲ್ಲರಿಗೂ ಆಂಟಿಯಾಗಿ ಹೋಗಿದ್ದ ನಾನು, ವಿಮಾನದ ಖರ್ಚು ಅಲ್ಲೇ ಗಿಟ್ಟಿತು ಎಂದುಕೊಂಡೆ.

ಅವರ ಖ್ಮೇರ್ ಭಾಷೆ ಕೇಳಕೇಳುತ್ತ ನೆಂಟಸ್ತಿಕೆ ಹೊರಬಿತ್ತು. ಸಾಲಾ ಎಂದರೆ ಶಾಲೆ, ಕ್ರೂ ಎಂದರೆ ಗುರು, 'ಸೋಮ್ ತೋಹ್' ಎಂಬ ಕ್ಷಮಾಪಣೆಯೊಳಗೆ ನಮ್ಮ ದೋಷವೇ ಕೂತಿದೆ. ಅವರ ಅಂಕಿಗಳೂ ಪಲ್ಲವರ ಕಾಲದ ಲಿಪಿಯ ಸಂತಾನ. ಬೆಲೆ ಚೀಟಿಯ ಒಂದು, ಎರಡು, ಮೂರನ್ನು ಕನ್ನಡದ ಅಂಕಿ ಬಲ್ಲವರು ಹೆಚ್ಚುಕಮ್ಮಿ ಓದಿಬಿಡಬಹುದು. ನಗರವೆಂಬ ಮಾತೇ ನೊಕೊರ್ ಆಗಿ, ಅಂಕೋರ್ ಕೂಡ ಆಗಿದೆ. ಅಂದರೆ ರಾಜಾಜಿ ಅಂಕೋರ್, ವಿಜಯ ಅಂಕೋರ್, ಬಸವೇಶ್ವರ ಅಂಕೋರ್ ಎಂದು ಮಾಗಡಿ ರಸ್ತೆಯ ಆಚೀಚೆ ಮೂರನ್ನು ಇಟ್ಟುಕೊಂಡು ನಾನು ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಅಲ್ಲಿಗೆ ಹೋಗಿದ್ದೆ.

ಕ್ಲಾಸಿನಲ್ಲಿ ಮಕ್ಕಳೇ ನನಗೆ ಎಣಿಸಲು ಕಲಿಸಿದರು. ಖ್ಮೇರ್‌ನಲ್ಲಿ ಐದಾದ ಮೇಲೆ ಆರಿಲ್ಲ: ಐದೊಂದು, ಐದೆರಡು, ಐದ್ಮೂರು. "ಬೆರಳು ಮಡಿಸಬೇಡ!" ಎಂದು ಮೂವತ್ತು ವರ್ಷ ಎಷ್ಟು ಹುಡುಗರನ್ನು ಗದರಿಸಿದ್ದೇನೋ.

ಮೂರನೆಯ ಬೆಳಿಗ್ಗೆ ಗಾಡಿಯಂಗಡಿಯಲ್ಲಿ ಬುಟ್ಟಿ ತುಂಬ ಬೆಳ್ಳಗೆ ಸುರುಳಿ ಸುತ್ತಿಟ್ಟ ಒತ್ತುಶಾವಿಗೆ ಕಂಡಿತು! ಅಕ್ಕಿಯದೇ, ನಮ್ಮದೇ. ಕಣ್ಣು ತುಂಬಿಬಂದು ಕೂತೆ. ಅದರ ಮೇಲೆ ಅಂಗಡಿಯವಳು ಹುಯ್ಯಲು ಹೊರಟ ಹಸಿರು ಸಾರು ಮಾತ್ರ ಮೀನಿನದು. ಸಸ್ಯಾಹಾರ ಎನ್ನಲು ಅಲ್ಲಿ ಸನ್ಯಾಸ ತೊಟ್ಟವರ ಊಟ ಎಂಬರ್ಥದ ಮಾತು. ಹೇಳಿದೆ. ಅವಳು ನನ್ನ ಬಳೆ ನೋಡಿದಳು, ಮಾಂಗಲ್ಯ ನೋಡಿದಳು, ಬರೀ ಶಾವಿಗೆಗೆ ಸೌತೆಕಾಯಿ, ಬಾಳೆಹೂವು ಹಾಕಿ ಕೊಟ್ಟಳು. ನಾನು ಬ್ಯಾಗಿನಿಂದ ಚಟ್ನಿಪುಡಿ ತೆಗೆದೆ. ಅವಳೂ ಒಂದು ಚಿಟಿಕೆ ನಾಲಗೆಗೆ ಹಾಕಿಕೊಂಡು, ತುಂಬ ಯೋಚಿಸಿ, ಸ್ವಲ್ಪ ಮೀನು ಸೇರಿಸಿದರೆ ಚೆನ್ನಾಗಿರುತ್ತದೆ ಎಂದು ಸನ್ನೆ ಮಾಡಿದಳು.

ಅಲ್ಲಿಂದ ಫ್ಸಾರ್ ಥ್ಮೈಗೆ ಹೋದೆ. 1937ರಲ್ಲಿ ಕಟ್ಟಿದ್ದು, ಈಗಲೂ ಹೆಸರು ಹೊಸ ಮಾರುಕಟ್ಟೆ. ನಡುವೆ ಹಳದಿ ಗುಮ್ಮಟ, ಅದರಿಂದ ನಾಲ್ಕು ಕಡೆಗೆ ನಾಲ್ಕು ರೆಕ್ಕೆ, ನಾಲ್ಕೂ ಒಂದೇ ಅಚ್ಚು. ಯಾವುದರಿಂದ ಒಳಹೊಕ್ಕೆನೋ ಅದರಿಂದ ಹೊರಬರಲಾಗದೆ ಮೂರನೇ ಸುತ್ತು ಹಾಕುತ್ತಿದ್ದಾಗ ಯಜಮಾನರ ಫೋನು.

"ಗ್ಯಾಸ್ ಪುಸ್ತಕ ಎಲ್ಲಿಟ್ಟಿದ್ದೀಯ?"

"ಅಡುಗೆಮನೆ ಎರಡನೇ ಶೆಲ್ಫು, ತೊಗರಿಬೇಳೆ ಡಬ್ಬದ ಹಿಂದೆ, ಹಳೇ ಪಂಚಾಂಗದೊಳಗೆ ನೋಡ್ರೀ."

"ಸಿಕ್ತು. ನೀನೆಲ್ಲಿದ್ದೀಯ?"

ಸುತ್ತ ನೋಡಿದೆ. ಗಡಿಯಾರದಂಗಡಿ, ಎದುರಿಗೂ ಗಡಿಯಾರದಂಗಡಿ.

"ಇಲ್ಲೇ, ಒಂದನೇ ಮೇನ್‌ನಲ್ಲಿ" ಎಂದೆ.

"ಯಾವ ಬ್ಲಾಕು?" ಎಂದರು.