ಹಳದಿ ಅಂಗಿಯ ವಿಚಾರಣೆ

ಮೂರು ವಾರಗಳ ಹಂತಗಳಲ್ಲಿ ಅತಿ ಕಡಿಮೆ ಒಟ್ಟು ಸಮಯ ತೆಗೆದುಕೊಂಡವನಿಗೆ ಹಳದಿ ಅಂಗಿ ತೊಡಿಸುವ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯು ಬದಿಯಡ್ಕದ ಹೋಟೆಲೊಂದರಲ್ಲಿ ಪ್ರತಿ ಜುಲೈಯಲ್ಲೂ ಅಡಿಕೆಯ ಕೊಳೆರೋಗದ ಚರ್ಚೆಯನ್ನೇ ಹಿಂದಿಕ್ಕುತ್ತದೆ.

"ಮಾಸ್ಟ್ರೇ, 1999ರಿಂದ 2005ರವರೆಗೆ ಗೆದ್ದವರು ಯಾರು?"

"ಯಾರೂ ಅಲ್ಲ ಶೆಟ್ರೇ, ದೇಹಬಲವನ್ನು ಕೃತಕವಾಗಿ ಹೆಚ್ಚಿಸುವ ಉದ್ದೀಪನ ಮದ್ದು ಸೇವಿಸಿದ್ದಕ್ಕಾಗಿ 2012ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗರ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡು, ಆ ಸ್ಥಾನವನ್ನು ಖಾಲಿ ಬಿಟ್ಟರು."

"ಎರಡನೆಯವರಿಗೆ ಕೊಡಬಹುದಿತ್ತಲ್ಲ?"

"ಅವರಲ್ಲೂ ಹಲವರು ಅದೇ ಅಂಗಡಿಯ ಗಿರಾಕಿಗಳು."

"2016ರಲ್ಲಿ ಬೆಲ್ಜಿಯಂನ ಕೆಸರು ಹಾದಿಯ ಸ್ಪರ್ಧೆಯಲ್ಲಿ ಸೈಕಲಿನೊಳಗೇ ಮೋಟಾರು ಸಿಕ್ಕಿತಂತೆ?"

"ಸಿಕ್ಕಿತು, ಆರು ವರ್ಷಗಳ ನಿಷೇಧವೂ ಆಯಿತು, ಮೋಸಕ್ಕೆ ಅಷ್ಟಾದರೂ ಬೇಡವೇ?"

ಹೀಗೆ ಯುರೋಪಿನ ಪ್ರಾಮಾಣಿಕತೆಯನ್ನು ತೂಗಿ ತೀರ್ಪಿತ್ತ, ಸೈಕಲ್ ತುಳಿಯುವ ಅಭ್ಯಾಸವೇ ಇಲ್ಲದ ಈ ಇಬ್ಬರ ಚಹಾದ ಲೆಕ್ಕವು ಹೋಟೆಲಿನ ಸಾಲದ ಪುಸ್ತಕದಲ್ಲಿ ಕಳೆದ ಜುಲೈಯಿಂದಲೂ ಬಾಕಿಯಿದೆ.