ಮೊದಲ ಕೊಡದ ನೀರಿಗೊಂದು ಬಹಿರಂಗ ಪತ್ರ

ಶ್ರೀಮನ್ಮಹಾರಾಜ ಮೊದಲ ಕೊಡದ ನೀರಿಗೆ,

ಗೋವಾದ ಚಿಂಬಲ್ ಇಂದಿರಾನಗರದ ಓಣಿಯವರ ಶಿರಸಾಷ್ಟಾಂಗ ನಮಸ್ಕಾರ. ತಾವು ಖಾಂಡೇಪಾರ ನದಿಯಲ್ಲಿ ಹುಟ್ಟಿ, ಓಪಾ ಘಟಕದಲ್ಲಿ ಶುದ್ಧಿ ಸಂಸ್ಕಾರ ಮುಗಿಸಿಕೊಂಡು ಪಣಜಿ ದಿಕ್ಕಿಗೆ ಹೊರಡುವಾಗ ಮಡಿಯಲ್ಲೇ ಇರುತ್ತೀರಂತೆ. ಓಣಿಯ ನಳಕ್ಕೆ ಬರುವಷ್ಟರಲ್ಲಿ ಮೈಲಿಗೆ ಹೇಗಾದಿರೋ!

ಮೊನ್ನೆ ಗದಗ ಕಡೆಯ ಹೆಣ್ಣುಮಗಳೊಬ್ಬಳು ಒಂದು ದಿನದ ಕೂಲಿ ಬಿಟ್ಟು, ತಮ್ಮನ್ನು ಬಾಟ್ಲಿಯಲ್ಲಿ ತುಂಬಿಕೊಂಡು ನೀರಿನ ಕಚೇರಿಗೆ ಹೋದಳು. ಹನ್ನೊಂದಕ್ಕೆ ಕೂತವಳನ್ನು ಒಳಗೆ ಕರೆದದ್ದು ಎರಡಕ್ಕೆ. ಅಷ್ಟರಲ್ಲಿ ಮಣ್ಣು ತಳಕ್ಕಿಳಿದು ತಾವು ಸಂಭಾವಿತರಂತೆ ತಿಳಿಯಾಗಿದ್ದಿರಿ. ಸಾಹೇಬರು ಬಾಟ್ಲಿ ಎತ್ತಿ ನೋಡಿ, ‘ಚೆನ್ನಾಗಿಯೇ ಇದೆಯಲ್ಲ’ ಎಂದರು. ಆಕೆ ಅಲ್ಲಾಡಿಸಿ ತೋರಿಸಿದಳು. ಸ್ಯಾಂಪಲ್ ಅಲ್ಲಾಡಿಸಬಾರದಂತೆ!

ತಮ್ಮ ಮೈಲಿಗೆಯ ಗುಟ್ಟು ಗೌಂಡಿಗೂ ಗೊತ್ತು. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಸೀಳಿದ್ದಲ್ಲಿ ಪಕ್ಕದ ಗಟಾರದ ಕೊಳೆಯನ್ನು ಪೈಪೇ ಒಳಗೆಳೆದುಕೊಳ್ಳುತ್ತದೆ. ಮರಳಿ ನೀರು ಬಿಟ್ಟಾಗ ಆ ಕೊಳೆ, ತುಕ್ಕು, ಕೆಸರು ಸಮೇತ ಮೆರವಣಿಗೆ ಬರುವುದು ಮೊದಲ ಕೊಡಕ್ಕೆ. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿ ಕೂಡ ಕಾಣಬಾರದು ಎನ್ನುತ್ತದೆ ಐಎಸ್ 10500 ಮಾನದಂಡ. ಆದರೆ ಪರೀಕ್ಷೆಗೆ ನೀರು ಹಿಡಿಯುವ ಪದ್ಧತಿ ನೋಡಿ: ನಳವನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಆಮೇಲೆ ಬಾಟ್ಲಿ ಒಡ್ಡಬೇಕು. ಅಂದರೆ ತಾವು ಹರಿದುಹೋದ ಮೇಲೆ! ಅಲ್ಲಾಡಿಸಲೂಬಾರದು, ಮೊದಲು ಹಿಡಿಯಲೂಬಾರದು.

2021ರಲ್ಲಿ ಗೋವಾ ಸರ್ಕಾರ ಮನೆಗೆ ತಿಂಗಳಿಗೆ 16,000 ಲೀಟರ್ ಉಚಿತ ಎಂದಿತು. ಚೆಲ್ಲುವ ಕೊಡಕ್ಕೂ ಮೀಟರ್ ತಿರುಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. 2022ರ ಆಗಸ್ಟ್‌ನಲ್ಲಿ ಮನೆಮನೆಗೂ ನಳ ಹಾಕಿದ್ದಕ್ಕೆ ‘ಹರ್ ಘರ್ ಜಲ್’ ಪ್ರಮಾಣಪತ್ರ ಪಡೆದ ದೇಶದ ಮೊದಲ ರಾಜ್ಯ ಎಂಬ ಬಿರುದೂ ಬಂತು. ನಳ ಎಣಿಸಿದರು, ಸರಿ. ಕೊಡ ಇಣುಕಿದರೇ?

ಈ ಬಿರುದಿಗೂ ಮೊದಲು, 2019ರ ಆಗಸ್ಟ್‌ನಲ್ಲಿ ಓಪಾದ ಪೈಪು ಒಡೆದು ಪಣಜಿ, ತಿಸ್ವಾಡಿ ಕಡೆ ದಿನಗಟ್ಟಲೆ ನೀರಿಲ್ಲದಾಗ ಜನ ಟ್ಯಾಂಕರ್ ಹಿಂದೆ ಓಡಿದ್ದರು. ಆಗ ತಾವು ಬಂದರೆ ಸಾಕಿತ್ತು, ಯಾವ ಬಣ್ಣದಲ್ಲಾದರೂ.

ನಗುವ ಮಾತು ಇಲ್ಲಿಗೆ ಸಾಕು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಳದ ನೀರು ಕುಡಿದ ಜನ ವಾಂತಿಭೇದಿಯಿಂದ ಸತ್ತರು. ಸತ್ತವರೇನು ಬಣ್ಣ ನೋಡದೆ ಕುಡಿದರೇ? ರೋಗಾಣುವಿಗೆ ಬಣ್ಣವಿಲ್ಲ ಸ್ವಾಮಿ. ಇಂದಿರಾನಗರದ ಎಷ್ಟೋ ಮನೆಗಳ ನೆಂಟರು ಅದೇ ಸೀಮೆಯವರು. ಅಲ್ಲಿಂದ ಫೋನ್ ಬಂದ ರಾತ್ರಿ ಈ ಓಣಿಯಲ್ಲಿ ನೀರು ಕುದಿಸದೆ ಯಾರೂ ಮಲಗಲಿಲ್ಲ. ಗ್ಯಾಸ್ ಮಾತ್ರ ಉಚಿತವಾಗಿರಲಿಲ್ಲ.

ತಮ್ಮ ಮೂಲಕ ಸಾಹೇಬರಿಗೆ ಒಂದೇ ಅರ್ಜಿ. ನೀರು ಬಿಡುವ ಹೊತ್ತಿಗೆ ಬಂದು, ಮೊದಲ ಕೊಡದಿಂದಲೂ ಒಂದು ಬಾಟ್ಲಿ ಹಿಡಿಯಲಿ. ವರದಿಯನ್ನು ಪಂಚಾಯತಿ ಗೋಡೆಗೆ ಕೊಂಕಣಿ, ಮರಾಠಿಯ ಜೊತೆ ಕನ್ನಡದಲ್ಲೂ ಹಚ್ಚಲಿ. ಚಾ ಓಣಿಯವರದು; ಎರಡನೇ ಕೊಡದ ನೀರಿನದು.

ಇತಿ,
ಕೊಡ ಹಿಡಿದು ನಿಂತ ಓಣಿಯವರು